ಕೆಂಚಿ ಕಲಿತದ್ದು, ಮೋತ್ಯಾ ಕಲಿಯದ್ದು

1964ರಲ್ಲಿ ನಾನು ಶಾಲೆ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ, ಬಿಡು ಎಂದರು, ಬಿಟ್ಟೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿದ್ದವು. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ತೂಕ ಹಾಕುತ್ತಿದ್ದ ನಮ್ಮಪ್ಪನಿಗೆ ಕಣ್ಣು ಮಂದವಾಗುತ್ತ ಬಂದಿತ್ತು. ಒಂದು ದಿನ ಊಟಕ್ಕೆ ಕೂತಾಗ, ರೊಟ್ಟಿ ಮುರಿಯುತ್ತ, "ನಾಳಿಂದ ಸಾಲಿ ಬ್ಯಾಡ, ನನ್ನ ಕೂಡ ಬಾ" ಅಂದ. ನಾನು ಹೂಂ ಅಂದೆ. ಇದೇ ಮಾತನ್ನು ಎರಡು ವರ್ಷದ ಮೇಲೆ ನನ್ನ ತಮ್ಮ ನಿಂಗಪ್ಪನಿಗೂ ಹೇಳಿದ. ನಿಂಗಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಧಾರವಾಡದ ಅತ್ತೆಯ ಮನೆಗೆ ಓಡಿಹೋದ. ಈಗ ಕಾಲೇಜಿನಲ್ಲಿ ಮಾಸ್ತರನಾಗಿದ್ದಾನೆ. ನಾನು ಮುಂಬಯಿಯಲ್ಲಿ ಮೆಣಸಿನಕಾಯಿ ಸಾವಕಾರರ ಮನುಷ್ಯನಾಗಿದ್ದೇನೆ. ದೂರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ನಾಯಿಯ ವಿಷಯ ಬರೆಯಬೇಕೆಂದು ಕೂತೆ, ಕೈ ತಾನಾಗಿಯೇ ಇಲ್ಲಿಂದ ಶುರುಮಾಡಿತು.

ನಾಯಿಯ ವಿಷಯ ಎತ್ತಿದವರು ನಮ್ಮ ಬೊರಿವಲಿ ಬಿಲ್ಡಿಂಗಿನ ಎರಡನೇ ಮಾಳಿಗೆಯ ನಾಗೇಶರಾಯರು. ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ಕೆಲಸ, ಮೆತ್ತಗೆ ಮಾತಾಡುವ ಮನುಷ್ಯ. ನಾನಿರುವುದು ಅದೇ ಬಿಲ್ಡಿಂಗಿನ ಕೆಳಗಿನ ಖೋಲಿಯಲ್ಲಿ. ನಮ್ಮ ಬಾಗಿಲಿನ ಪಕ್ಕ, ಮೆಟ್ಟಿಲ ಕೆಳಗೆ, ನಮ್ಮ ಮುದಿ ನಾಯಿ ಮೋತ್ಯಾ ಮಲಗಿರುತ್ತದೆ. ಮೊನ್ನೆ ಭಾನುವಾರ ರಾಯರು ಇಳಿದು ಬಂದವರು ಅದರ ತಾಟನ್ನೇ ನೋಡುತ್ತ ನಿಂತರು.

"ಮಲ್ಲಪ್ಪನೋರೇ, ನಿಮ್ಮ ಮೋತಿ ಇವತ್ತೂ ಅರ್ಧ ರೊಟ್ಟಿ ಬಿಟ್ಟಿದಾನೆ ನೋಡಿ. ಕಾಗೆಗಳ ಕಾಟ ತಡೆಯೋಕಾಗ್ತಿಲ್ಲ."

"ಕಾಗಿಗೂ ಹೊಟ್ಟಿ ಐತಲ್ರಿ ರಾಯರ."

"ಅದಿರ್ಲಿ, ನಾನು ಬಂದದ್ದು ಬೇರೆ ವಿಷಯಕ್ಕೆ. ಮಗಳು ನಾಯಿ ಬೇಕೇ ಬೇಕು ಅಂತ ಹಠ ಹಿಡಿದಿದಾಳೆ. ಗಂಡು ತಗೊಳ್ಳೋದಾ, ಹೆಣ್ಣಾ? ಹೆಣ್ಣು ಬೇಗ ಕಲಿಯುತ್ತೆ ಅಂತ ಆಫೀಸಿನಲ್ಲಿ ಒಬ್ಬರು, ಗಂಡೇ ಸರಿ ಅಂತ ಇನ್ನೊಬ್ಬರು. ನೀವು ನಾಯಿ ಪಳಗಿಸಿದವರು, ನೀವೇ ಹೇಳಿಬಿಡಿ."

ನಾಳೆ ಹೇಳುತ್ತೇನೆ ಅಂದೆ. ಒಂದು ಮಾತಿನಲ್ಲಿ ಹೇಳಬಹುದಿತ್ತು. ಆದರೆ ಇಡೀ ವಾರ ಸಾವಕಾರರ ಮಸಾಲೆ ಗಿರಣಿಯ ಖಾರ ಕುಡಿದ ಮೇಲೆ ಭಾನುವಾರ ಬಾಯಿ ತೆರೆಯುವುದೂ ಒಂದು ಕೆಲಸವೇ. ರಾಯರು ಮೇಲೆ ಹೋದರು. ನಾನು ಬಾಗಿಲಲ್ಲೇ ಕೂತೆ. ಕಾಗೆಯೊಂದು ಬಂದು ಮೋತ್ಯಾನ ತಾಟಿನಿಂದ ಆ ಅರ್ಧ ರೊಟ್ಟಿ ಎತ್ತಿಕೊಂಡು ಹೋಯಿತು. ಮೋತ್ಯಾ ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು.

ನಾಯಿ ಪಳಗಿಸಿದವನು ಎಂಬ ಹೆಸರು ನನಗೆ ಸುಮ್ಮನೆ ಬಂದದ್ದಲ್ಲ. ಸಾವಕಾರರು ಬ್ಯಾಡಗಿಯ ಕಡೆಯವರು. ಅಂಗಡಿ ಮಸ್ಜಿದ್ ಬಂದರಿನಲ್ಲಿ, ಗೋಡೌನು ಘಾಟ್ಕೋಪರದಲ್ಲಿ. ಸೋದರಮಾವನ ಬೆನ್ನು ಹತ್ತಿ ಬಂದು ಅಲ್ಲಿ ಹಮಾಲನಾಗಿ ಚೀಲ ಹೊತ್ತೆ, ಆಮೇಲೆ ತೂಕಕ್ಕೆ ನಿಂತೆ, ಆಮೇಲೆ ಗೋಡೌನಿನ ಕೀಲಿ ನನ್ನ ಸೊಂಟಕ್ಕೆ ಬಂತು. ಯಾರ ಶಿಫಾರಸೂ ಇರಲಿಲ್ಲ. ಮೆಣಸಿನಕಾಯಿ ಗೋಡೌನಿನ ಕೆಲಸ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಸಂಜೆ ನನ್ನ ಜೊತೆ ಲೋಕಲ್ ಹತ್ತಬೇಕಿತ್ತು. ನಾನು ಹತ್ತಿದ ಡಬ್ಬಿಯಲ್ಲಿ ಅರ್ಧ ಡಬ್ಬಿ ಸೀನುತ್ತಿತ್ತು. ಉಳಿದವರೆಲ್ಲ ಒಂಟಿ ಕಾಲಿನ ಮೇಲೆ ನಿಂತಿದ್ದರೆ ನನ್ನ ಸುತ್ತ ಮಾತ್ರ ಒಂದಿಷ್ಟು ಜಾಗ. ಆ ಜಾಗದಲ್ಲಿ ನಾನು ಸಾವಕಾರರ ಹಾಗೆ ನಿಂತು ಬರುತ್ತಿದ್ದೆ.

ಎಂಬತ್ತರ ದಶಕದ ಶುರುವಿನಲ್ಲಿ ಗೋಡೌನಿಗೆ ಕಳ್ಳರು ಬಿದ್ದರು. ನಮ್ಮ ಹಳೆಯ ನಾಯಿಗೆ ಏನೋ ಬೆರೆಸಿದ ಮಾಂಸ ಹಾಕಿ, ಅದು ಮಲಗಿದ ಮೇಲೆ ಚೀಲ ಹೊತ್ತುಕೊಂಡು ಹೋಗಿದ್ದರು. ನಾಯಿ ಮತ್ತೆ ಏಳಲಿಲ್ಲ. ಸಾವಕಾರರು ಬಂದು ಖಾಲಿ ಜಾಗ ನೋಡಿದರು, ಸತ್ತ ನಾಯಿಯನ್ನೂ ನೋಡಿದರು.

"ಮಲ್ಲಪ್ಪಾ, ಬ್ಯಾರೆ ನಾಯಿ ನೋಡು. ಪರರ ಕೈಯಾಂದು ಮುಟ್ಟಬಾರದು, ಅಂಥಾದ್ದು ತಯಾರ ಮಾಡು. ಮತ್ತ ಗಂಡ ಇರಲಿ."

ಹತ್ತಿರದ ಎಮ್ಮೆ ತಬೇಲಾದಲ್ಲಿ ಒಂದೇ ಸೂಲಿನ ಎರಡು ಮರಿ ಉಳಿದಿದ್ದವು, ಒಂದು ಗಂಡು, ಒಂದು ಹೆಣ್ಣು. ಒಯ್ದರೆ ಎರಡೂ ಒಯ್ಯಿ ಅಂದ ತಬೇಲಾದವನು. ಎರಡನ್ನೂ ಚೀಲದಲ್ಲಿ ತಂದೆ. ಗಂಡು ಕಪ್ಪು ಬಿಳಿ. ಮೋತ್ಯಾ ಎಂದು ಹೆಸರಿಟ್ಟೆ. ಹೆಣ್ಣಿಗೆ ಒಣ ಮೆಣಸಿನಕಾಯಿಯ ಬಣ್ಣ, ಅದು ಕೆಂಚಿ. ಸಾವಕಾರರು ಹೆಣ್ಣು ನೋಡಿ ಹಣೆ ಬಡಿದುಕೊಂಡರು.

"ಹೆಣ್ಣ ಯಾಕ ತಂದಿ ಮಾರಾಯಾ? ವರ್ಷಕ್ಕ ಎರಡ ಸಲ ಘಾಟ್ಕೋಪರದ ನಾಯಿ ಎಲ್ಲಾ ಬೀಗರಾಗಿ ಬಂದು ಗೇಟಿನಾಗ ಕುಂದರ್ತಾವು. ಅವಕ್ಕ ಉಪ್ಪಿಟ್ಟು ಚಾ ನೀ ಮಾಡಿ ಹಾಕಾಂವೇನು?"

"ಕಲಿಲಿಲ್ಲಂದ್ರ ತಬೇಲಾಕ್ಕ ಬಿಟ್ಟ ಬರ್ತೀನ್ರಿ" ಅಂದೆ.

ಎರಡೂ ಮರಿ ಮೊದಲ ಒಂದಿಷ್ಟು ದಿನ ಸೀನಿದ್ದೇ ಸೀನಿದ್ದು. ಸೀನಿದ ರಭಸಕ್ಕೆ ಮೂಗು ನೆಲಕ್ಕೆ ಬಡಿಯುತ್ತಿತ್ತು. ಸೀನು ನಿಂತ ಮೇಲೆ ಪಾಠ ಶುರು. ನೋಡಿ, ಇದಕ್ಕಿಂತ ಸರಿಯಾದ ಪರೀಕ್ಷೆ ಇಲ್ಲ: ತಾಯಿ ಒಂದೇ, ಅನ್ನ ಒಂದೇ, ಮಾಸ್ತರನೂ ಒಬ್ಬನೇ. ಕುಂದ್ರು ಅಂದರೆ ಕೆಂಚಿ ಕೂತುಕೊಳ್ಳುತ್ತಿತ್ತು. ಮೋತ್ಯಾ ಕೂತುಕೊಳ್ಳುವ ಮೊದಲು ಒಮ್ಮೆ ಸುತ್ತಿ, ನೆಲ ಮೂಸಿ, ಹಿಂಗಾಲಿನಿಂದ ಕಿವಿ ಕೆರೆದು, ಅಷ್ಟರಲ್ಲಿ ಹೊರಗೆ ಯಾವುದೋ ನಾಯಿ ಬೊಗಳಿದರೆ ಎದ್ದು ಹೋಗುತ್ತಿತ್ತು. ತಿಳಿಯುತ್ತಿರಲಿಲ್ಲ ಅಂತಲ್ಲ. ನನ್ನ ಮುಖ ನೋಡುತ್ತಿತ್ತು, ಬಾಲ ಆಡಿಸುತ್ತಿತ್ತು, ಮಾಡುತ್ತಿರಲಿಲ್ಲ. ನಿಂಗಪ್ಪನೂ ಚಿಕ್ಕವನಿದ್ದಾಗ ಹೇಳಿದ್ದು ಮಾಡದೆ ಹೀಗೇ ಮುಖ ನೋಡಿ ನಗುತ್ತಿದ್ದ.

ಸಾವಕಾರರು ಹೇಳಿದ ಬೀಗರೂ ಒಂದು ಸಲ ಬಂದರು. ಓಣಿಯ ನಾಯಿಗಳೆಲ್ಲ ಗೇಟಿನ ಮುಂದೆ ಜಮಾಯಿಸಿದ್ದವು. ಕೆಂಚಿ ಎದ್ದು ಒಮ್ಮೆ ನೋಡಿತು, ನಾನು ಕುಂದ್ರು ಅಂದೆ, ಕೂತಿತು. ಅದೇ ಸಮಯಕ್ಕೆ ಮೋತ್ಯಾ ಮಾತ್ರ ಯಾವ ಓಣಿಯ ಹೆಣ್ಣಿನ ಹಿಂದೆಯೋ ಹೋಗಿ, ಕೆಲವು ದಿನ ಬಿಟ್ಟು, ಕಿವಿ ಹರಿಸಿಕೊಂಡು ಬಂತು. ಆಮೇಲೆ ಕೆಂಚಿಯನ್ನು ದನದ ದವಾಖಾನೆಗೆ ಒಯ್ದು ಮರಿಯಾಗದಂತೆ ಆಪರೇಷನ್ ಮಾಡಿಸಿದೆ. ಸಾವಕಾರರ ಉಪ್ಪಿಟ್ಟು ಚಹಾ ಉಳಿಯಿತು.

ಪರರ ಕೈಯದು ಮುಟ್ಟದಂತೆ ಕಲಿಸುವುದೇ ದೊಡ್ಡ ಪಾಠ. ಅದಕ್ಕೆ ನಮ್ಮಲ್ಲಿ ಸಾಮಾನು ಇದ್ದೇ ಇತ್ತು. ಹಮಾಲರ ಕೈಯಲ್ಲಿ ರೊಟ್ಟಿ ತುಣುಕು ಕೊಟ್ಟು, ಅದರೊಳಗೆ ಖಾರಪುಡಿ ಮಡಿಸಿ, ನಾಯಿಗೆ ತಿನ್ನಿಸಲು ಹೇಳಿದೆ. ನನ್ನ ಕೈಯಲ್ಲಿ ಮಾತ್ರ ಬರೀ ರೊಟ್ಟಿ. ಕೆಂಚಿ ಒಂದೆರಡು ಸಲ ಬಾಯಿ ಸುಟ್ಟುಕೊಂಡಿತು, ಅಷ್ಟೇ. ಆಮೇಲೆ ಯಾರು ಕೈ ಚಾಚಿದರೂ ಮುಖ ಆ ಕಡೆ. ಮೋತ್ಯಾನೂ ಸುಟ್ಟುಕೊಂಡಿತು, ಕುಂಯ್‌ಗುಟ್ಟಿತು, ಬಕೆಟ್ಟಿಗೆ ಮೂತಿ ಹಾಕಿ ನೀರು ಕುಡಿಯಿತು, ತಿರುಗಿ ಬಂದು ಅದೇ ಹಮಾಲನ ಮುಂದೆ ಬಾಲ ಆಡಿಸುತ್ತ ಕೂತಿತು. ಕಡೆಕಡೆಗೆ ಖಾರ ಹಚ್ಚದ ರೊಟ್ಟಿಯನ್ನು ಮೂಸಿ ನೋಡಿ ಅನುಮಾನದಿಂದ ತಿನ್ನತೊಡಗಿತು.

ನಮ್ಮ ವಾಚ್‌ಮನ್ ತಿವಾರಿ ಉತ್ತರದವನು, ನಗುವುದೇ ಅಪರೂಪ. ಅವನೂ ಅವತ್ತು ಹೊಟ್ಟೆ ಹಿಡಿದುಕೊಂಡ. "ಅರೇ ಮಲ್ಲಪ್ಪಾ, ಯೇ ತೋ ಪಕ್ಕಾ ತುಮ್ಹಾರೇ ಗಾಂವ್‌ವಾಲಾ ಹೈ! ಮಿರ್ಚಿ ಕೇ ಬಿನಾ ಖಾತಾಚ್ ನಹೀಂ!" ಮೆಣಸಿನಕಾಯಿ ಇಲ್ಲದೆ ತಿನ್ನುವುದೇ ಇಲ್ಲ, ನಿನ್ನ ಊರಿನವನೇ ಅಂತ.

ಮುಂದಿನ ವರ್ಷ ಕಳ್ಳರು ಮತ್ತೆ ಬಂದರು. ಬೆಳಿಗ್ಗೆ ನೋಡಿದರೆ ಗೋಡೆಯ ಬುಡದಲ್ಲಿ ಮಾಂಸದ ತುಂಡು ಹಾಗೇ ಬಿದ್ದು ಇರುವೆ ಮುತ್ತಿತ್ತು. ಕೆಂಚಿ ಮೂಸಿಯೂ ಇರಲಿಲ್ಲ. ಬೊಗಳಿ ತಿವಾರಿಯನ್ನು ಎಬ್ಬಿಸಿತ್ತು. ಮೋತ್ಯಾ ಊರ ಮೇಲೆ ಹೋಗಿತ್ತು, ಅದಕ್ಕೇ ಬದುಕಿತು. ಅಂದಿನಿಂದ ಸಾವಕಾರರು ಮಸ್ಜಿದ್ ಬಂದರಿನ ವ್ಯಾಪಾರಿಗಳನ್ನು ಕರೆತಂದು ಕೆಂಚಿಯನ್ನು ತೋರಿಸಲು ಶುರುಮಾಡಿದರು. ಬಂದವರು ಪೇಢೆ ಹಿಡಿಯುತ್ತಿದ್ದರು, ಜಿಲೇಬಿ ಹಿಡಿಯುತ್ತಿದ್ದರು. ಕೆಂಚಿ ಹಸಿದಿದ್ದರೂ ಮುಖ ತಿರುಗಿಸುತ್ತಿತ್ತು. "ಹೆಣ್ಣೇ ಇರಬೇಕ್ರಿ" ಎಂದು ಸಾವಕಾರರು ಈಗ ತಾವೇ ಕಂಡುಹಿಡಿದವರ ಹಾಗೆ ಹೇಳುತ್ತಿದ್ದರು. ನಾನು ಕೈ ಹಿಂದೆ ಕಟ್ಟಿಕೊಂಡು, ಇನ್ಸ್‌ಪೆಕ್ಟರು ಬಂದ ದಿನದ ಹೆಡ್‌ಮಾಸ್ತರನ ಹಾಗೆ ನಿಂತಿರುತ್ತಿದ್ದೆ. ಮುಲ್ಕಿ ಪಾಸಾಗದವನಿಗೆ ಅದೊಂದು ಶಾಲೆ.

ಕೆಂಚಿಯನ್ನು ನಾನು ಅಷ್ಟು ಚೆನ್ನಾಗಿ ತಯಾರು ಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇರಬೇಕು. ಆ ಪಾಠ ನನಗೆ ಮೊದಲೇ ಬಾಯಿಪಾಠವಾಗಿತ್ತು. ನಿಂಗಪ್ಪ ನೌಕರಿಗೆ ಸೇರಿದ ಮೇಲೆ ಒಂದು ಸುಗ್ಗಿಯಲ್ಲಿ, ಊರಿನ ನಮ್ಮ ಹೊಲದ ಮಾಲದಂಡಿ ಎಂಬ ಬಿಳಿ ಜೋಳದ ಚೀಲವೊಂದನ್ನು ಮೆಣಸಿನಕಾಯಿ ಲಾರಿಯಲ್ಲಿ ಹೇರಿ ಕಳಿಸಿದ್ದ. "ಅಣ್ಣಗ ಕೊಡು ಅಂದಾರ್ರಿ" ಅಂದ ಡ್ರೈವರ್. ಚೀಲ ಕೆಳಗಿಳಿಸಗೊಡದೆ ಅದೇ ಲಾರಿಯಲ್ಲಿ ವಾಪಸು ಕಳಿಸಿದೆ. ತಮ್ಮನ ಮೇಲೆ ಸಿಟ್ಟಿಲ್ಲ. ರಟ್ಟೆ ಗಟ್ಟಿ ಇರುವಾಗ ಇನ್ನೊಬ್ಬರು ಕೊಟ್ಟದ್ದನ್ನು ತಿನ್ನಬಾರದು, ಅಷ್ಟೇ. ಹೆಂಡತಿ ಗಂಗವ್ವ ಆ ದಿನವೆಲ್ಲ ರೇಷನ್ ಜೋಳದ ರೊಟ್ಟಿಯನ್ನು ಬೇಕಂತಲೇ ಜೋರಾಗಿ ತಟ್ಟಿದಳು.

ಅಷ್ಟರಲ್ಲಿ ಸಾವಕಾರರು ಬೊರಿವಲಿಯಲ್ಲಿ ಮಸಾಲೆ ಕುಟ್ಟುವ ಗಿರಣಿ ಹಾಕಿದರು. "ನೀನ ನೋಡ್ಕೋಬೇಕು ಮಲ್ಲಪ್ಪಾ, ಖೋಲಿ ಕೊಡಸ್ತೀನಿ. ನಾಳಿಂದ ಘಾಟ್ಕೋಪರ ಬ್ಯಾಡ" ಅಂದರು. ನಾನು ಹೂಂ ಅಂದೆ. ಕೆಂಚಿಯನ್ನು ಒಯ್ಯಲೇ ಎಂದು ಕೇಳಿದೆ. "ಹುಚ್ಚೇನು? ಗೋಡೌನು ಯಾರು ಕಾಯೋದು?" ಅಂದರು. ಅದೂ ಖರೆ. ಗೋಡೌನಿಗೆಂದೇ ಕಲಿಸಿದ ನಾಯಿ.

ನಾನು ಹೋದ ಕೆಲವೇ ದಿನಗಳಲ್ಲಿ ತಿವಾರಿ ಗಿರಣಿಗೆ ಫೋನು ಮಾಡಿದ. "ಕೆಂಚಿ ಕುಛ್ ನಹೀಂ ಖಾತೀ. ಹಡ್ಡೀ ಹಡ್ಡೀ ಹೋ ಗಯೀ. ಮರ್ ಜಾಯೇಗೀ ಭಾಯಿ, ಆ ಜಾವ್." ಏನೂ ತಿನ್ನದೆ ಎಲುಬಾಗಿದೆ, ಸಾಯುತ್ತದೆ, ಬಾ ಅಂತ.

ಹೋದೆ. ಕೆಂಚಿ ಗೋಡೆಗೆ ಆತು ನಿಂತಿತ್ತು, ಪಕ್ಕೆಲುಬು ಕಾಣುತ್ತಿತ್ತು. ಮುಂದೆ ತಾಟಿನ ತುಂಬ ರೊಟ್ಟಿ ಒಣಗಿತ್ತು. ನನ್ನ ಕೈಯಿಂದ ಕೊಟ್ಟೆ, ತಿಂದಿತು. ತಿವಾರಿಯ ಕೈಯಿಂದ ಕೊಡಿಸಿದೆ, ಮುಖ ತಿರುಗಿಸಿ ನನ್ನನ್ನು ನೋಡಿತು: ಸರಿಯಾಗಿ ಮಾಡಿದೆನಲ್ಲ, ಎಂದು ಕೇಳುವ ಹಾಗೆ. ಏನೇನು ಮಾಡಿದೆವು! ತಿವಾರಿಗೆ ನನ್ನ ಖಾರದ ವಾಸನೆಯ ಅಂಗಿ ತೊಡಿಸಿದೆವು. ಅವನ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ತುತ್ತು ಚಾಚಿದೆವು, ಮದುವೆಯಲ್ಲಿ ಧಾರೆ ಎರೆಯುವವರ ಹಾಗೆ. ನಾನೇ ತಾಟಿಗೆ ಹಾಕಿಟ್ಟು ಬಂದರೂ, ನಾನು ಗೇಟು ದಾಟಿದ ಮೇಲೆ ಮುಟ್ಟುತ್ತಿರಲಿಲ್ಲ. ಕಲಿಸುವುದಕ್ಕೆ ಎರಡು ಚಿಟಿಕೆ ಖಾರ ಸಾಕಾಗಿತ್ತು. ಕಲಿತದ್ದನ್ನು ಬಿಡಿಸುವುದಕ್ಕೆ ಇಡೀ ಗೋಡೌನಿನಲ್ಲಿ ಏನೂ ಇರಲಿಲ್ಲ. ಇತ್ತ ಮೋತ್ಯಾ ತಿವಾರಿಯ ಕೈ, ಹಮಾಲರ ಕೈ, ಚಹಾದವನ ಕೈ ಎಲ್ಲವನ್ನೂ ನೆಕ್ಕಿ ಡೊಳ್ಳು ಹೊಟ್ಟೆಯಾಗಿ ಬಿಸಿಲಿಗೆ ಬಿದ್ದುಕೊಂಡಿತ್ತು.

ಬೇರೆ ದಾರಿ ಇರಲಿಲ್ಲ. ಸಂಜೆ ಗಿರಣಿಯ ಬಾಗಿಲು ಹಾಕಿ, ರೊಟ್ಟಿ ಗಂಟು ಹಿಡಿದು ಬೊರಿವಲಿಯಲ್ಲಿ ಗಾಡಿ ಹತ್ತುವುದು, ದಾದರಿನಲ್ಲಿ ಇಳಿದು ಬ್ರಿಜ್ ಹತ್ತಿ ಆ ಕಡೆಯ ಲೈನಿಗೆ ಇಳಿಯುವುದು, ಘಾಟ್ಕೋಪರಕ್ಕೆ ಹೋಗಿ ಒಂದು ನಾಯಿಗೆ ರೊಟ್ಟಿ ತಿನ್ನಿಸುವುದು, ಹೋದ ದಾರಿಯಲ್ಲೇ ತಿರುಗಿ ಬರುವುದು. ದಿನಾ ಒಂದು ಹೊತ್ತು ಉಂಡರೆ ಬದುಕುತ್ತದೆ, ಎರಡು ದಿನ ತಪ್ಪಿದರೆ ಬೀಳುತ್ತದೆ. ದಾದರಿನ ಬ್ರಿಜ್ಜಿನ ಮೇಲೆ ಜನ ನೂಕಿದ ಕಡೆ ಕಾಲು ಹೋಗುತ್ತಿದ್ದವು. ಎಷ್ಟೋ ದಿನ ನಿಂತಲ್ಲೇ ನಿದ್ದೆ ಬಂದು, ಕುರ್ಲಾ ದಾಟಿದ್ದು ಗೊತ್ತಾಗದೆ, ಘಾಟ್ಕೋಪರವನ್ನೂ ದಾಟಿ ಮುಂದೆ ಹೋಗಿ ಇಳಿದಿದ್ದೇನೆ.

ಗಂಗವ್ವ ರೊಟ್ಟಿ ಕಟ್ಟಿಕೊಡುತ್ತ ಅನ್ನುತ್ತಿದ್ದಳು, "ಖರೇ ಹೇಳ್ರಿ, ಘಾಟ್ಕೋಪರದಾಗ ಬ್ಯಾರೆ ಸಂಸಾರ ಇಟ್ಟೀರೇನು?"

"ಇಟ್ಟೀನಿ. ನಾಕ ಕಾಲಿನಾಕಿ."

"ಪುಣ್ಯಾತಗಿತ್ತಿ! ನೀವ ಬರೂತನಾ ಉಪಾಸ ಕುಂದರ್ತಾಳಲ್ಲ. ನಾನೂ ಹಂಗ ಕುಂತ್ರ ಮಕ್ಕಳಿಗೆ ಬಡಸೋರ್ಯಾರು?"

ಆ ದಿನಗಳಲ್ಲೇ ರೊಟ್ಟಿಯ ಬಣ್ಣ ಬದಲಾದದ್ದು ಕಂಡಿತು. ರೇಷನ್ ಜೋಳದ್ದು ಕಂದು, ಮುರಿದರೆ ಪುಡಿ. ಇದು ಬೆಳ್ಳಗೆ, ಮೆತ್ತಗೆ, ನಾಲಿಗೆಗೆ ಸಿಹಿ. ಚಿಕ್ಕಂದಿನಿಂದ ತಿಂದ ಜೋಳ ಯಾರಿಗಾದರೂ ಗುರುತು ಸಿಗುತ್ತದೆ.

"ಈ ಜ್ವಾಳ ಎಲ್ಲಿದು?" ಅಂದೆ.

"ಅಂಗಡಿದು. ಉಣ್ರಿ ಸುಮ್ಮ" ಅಂದಳು, ನನ್ನ ಕಡೆ ನೋಡದೆ.

ಕೇಳಿ ಜಗಳ ತೆಗೆಯಬೇಕೆಂದಿದ್ದೆ. ಆದರೆ ಕಟ್ಟಿಸಿಕೊಂಡ ಗಂಟು ಆಗಲೇ ಕೈಯಲ್ಲಿತ್ತು, ಗಾಡಿಗೆ ಹೊತ್ತಾಗಿತ್ತು.

ಮಳೆಗಾಲ ಬಂತು. ಒಂದು ಸಂಜೆ ದಾದರಿಗೆ ಬಂದು ಬ್ರಿಜ್ ಹತ್ತಿದರೆ ಆ ಕಡೆಯ ಲೈನು ನೀರಿನಲ್ಲಿ ಮುಳುಗಿ ಗಾಡಿ ನಿಂತಿದ್ದವು. ಎಷ್ಟೋ ಹೊತ್ತು ಅಲ್ಲೇ ತೊಯ್ಯುತ್ತ ನಿಂತೆ. ರೊಟ್ಟಿ ತೊಯ್ದು ಹಿಟ್ಟಾಯಿತು. ತಿರುಗಿ ಬಂದವನು ಜ್ವರ ಬಂದು ಮಲಗಿದೆ. ಮರುದಿನ ಗಾಡಿ ಶುರುವಾದವು, ನನಗೆ ಏಳಲಾಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ಗೋಡೌನಿನ ಫೋನು ಮಳೆಗಾಲದಲ್ಲಿ ಸತ್ತೇ ಇರುತ್ತಿತ್ತು. ಮಲಗಿದಲ್ಲೇ ಲೆಕ್ಕ ಹಾಕುತ್ತಿದ್ದೆ: ಇವತ್ತು ನಿಂತಿರುತ್ತದೆ, ಇವತ್ತು ಕೂತಿರುತ್ತದೆ, ಇವತ್ತು ಬಿದ್ದಿರುತ್ತದೆ. ಗಂಗವ್ವ ಗಂಜಿ ಕುಡಿಸಲು ಬಂದರೆ ಬೇಡವೆನ್ನುತ್ತಿದ್ದೆ. "ಉಪಾಸ ಬೀಳೂದು ಆಕಿ ನಿಮ್ಮ ಕಡೀಂದ ಕಲ್ತಾಳೋ, ನೀವ ಆಕಿ ಕಡೀಂದ ಕಲ್ತೀರೋ" ಎಂದು ಗದರಿಸಿ ಕುಡಿಸಿದಳು. ಕುಡಿದೆ.

ವಾರ ಕಳೆದ ಮೇಲೆ, ಹೆಣ ಹೂಳುವವನ ಮನಸ್ಸು ಮಾಡಿಕೊಂಡು ಘಾಟ್ಕೋಪರಕ್ಕೆ ಹೋದೆ. ಗೇಟಿನಲ್ಲಿ ಕೆಂಚಿ ನಿಂತಿತ್ತು. ಬಡಕಲಾಗಿತ್ತು, ಆದರೆ ನಿಂತಿತ್ತು. ನನ್ನನ್ನು ಕಂಡು ಬಾಲದ ಜೊತೆ ಇಡೀ ಮೈ ಆಡಿಸಿತು. ತಿವಾರಿ ನನ್ನ ಭುಜ ಹಿಡಿದು, "ರುಕೋ, ತಮಾಶಾ ದೇಖೋ" ಎಂದು ಗೋಡೆಯ ಹಿಂದೆ ನಿಲ್ಲಿಸಿದ.

ಮೋತ್ಯಾನನ್ನು ಕರೆದು ರೊಟ್ಟಿ ಕೊಟ್ಟ. ಮೋತ್ಯಾ ಯಾವತ್ತಿನ ಹಾಗೆ ಕೈ ನೆಕ್ಕಿ, ರೊಟ್ಟಿ ಕಚ್ಚಿಕೊಂಡು ಚೀಲ ತೂಗುವ ಕಾಟದ ಹಿಂದೆ ಹೋಯಿತು. ಅಲ್ಲಿ ನೆಲಕ್ಕೆ ಹಾಕಿ, ಅರ್ಧ ತಿಂದು, ಉಳಿದರ್ಧ ಅಲ್ಲೇ ಬಿಟ್ಟು ಆಕಳಿಸುತ್ತ ಎದ್ದು ಹೋಯಿತು. ಕೆಂಚಿ ಬಂದು, ಆಚೆ ಈಚೆ ನೋಡಿ, ಆ ಅರ್ಧವನ್ನು ತಿಂದಿತು. ಮನುಷ್ಯರ ಕೈಯದು ಮುಟ್ಟಬಾರದೆಂದು ನಾನು ಕಲಿಸಿದ್ದೆ. ಅದನ್ನು ಇವತ್ತಿಗೂ ಮೀರಿರಲಿಲ್ಲ. ಅಣ್ಣತಮ್ಮಂದಿರ ಬಾಯಿಯದರ ಬಗ್ಗೆ ನಾನು ಏನೂ ಹೇಳಿರಲಿಲ್ಲ.

ಮೋತ್ಯಾನದು ದಯೆ ಎಂದು ನಾನು ಹೇಳುವುದಿಲ್ಲ. ಊರೆಲ್ಲ ತಿನ್ನಿಸುತ್ತಿತ್ತು, ಹೊಟ್ಟೆ ತುಂಬಿತ್ತು, ಬಿಟ್ಟಿತು. ನಾಯಿಗಳ ಬಗ್ಗೆ ಇಲ್ಲದ್ದನ್ನು ಬರೆಯುವವನಲ್ಲ ನಾನು. ಆದರೆ ಅಂದು ಕಾಟದ ತಟ್ಟೆಯ ಮೇಲೆ ಕೂತೆ. ಮುಳ್ಳು ನನ್ನ ತೂಕ ತೋರಿಸುತ್ತಿತ್ತು. ನೋಡಲಿಲ್ಲ.

ಮನೆಗೆ ಬಂದಾಗ ಗಂಗವ್ವ ಬಡಿಸಿದಳು. ಬೆಳ್ಳನೆಯ ರೊಟ್ಟಿ, ಮೆತ್ತಗೆ. "ಹೆಂಗದಾಳ ನಿಮ್ಮಾಕಿ?" ಅಂದಳು. ಮೋತ್ಯಾ ಬಿಟ್ಟಿದ್ದು ತಿಂದು ಬದುಕಿದೆ ಎಂದು ಹೇಳಿದೆ. ಅವಳು "ಶಾಣ್ಯಾ ಅದಾಳ" ಎಂದು ಇನ್ನೊಂದು ರೊಟ್ಟಿ ಹಾಕಿದಳು. ಅಂಗಡಿಯ ಮಾತು ನಾನು ಎತ್ತಲಿಲ್ಲ.

ಆಮೇಲೆ ದಿನಾ ಹೋಗುವುದು ನಿಂತಿತು. ಭಾನುವಾರ ಮಾತ್ರ ಹೋಗುತ್ತಿದ್ದೆ; ಕೆಂಚಿ ನನ್ನ ಕೈಯಿಂದ ತಿನ್ನುತ್ತಿತ್ತು, ಉಳಿದ ದಿನ ಕಾಟದ ಹಿಂದೆ. ವಯಸ್ಸಾಗಿ, ಚಳಿಗಾಲದಲ್ಲಿ, ಗೇಟಿನ ಹತ್ತಿರ ಮಲಗಿದಲ್ಲೇ ಹೋಯಿತು. ಗೋಡೌನು ಮುಚ್ಚಿ ತಿವಾರಿ ಊರಿಗೆ ಹೊರಟಾಗ, ಯಾರು ಕರೆದರೂ ಹೋಗುವ ನಾಯಿ ಯಾರಿಗೂ ಬೇಡವಾಯಿತು. ಮೋತ್ಯಾನನ್ನು, ಕೆಂಚಿಯ ತಾಟಿನ ಜೊತೆ, ಟೆಂಪೋದಲ್ಲಿ ಹಾಕಿಕೊಂಡು ಬೊರಿವಲಿಗೆ ತಂದೆ. ಇಲ್ಲಿಯೂ ಇಡೀ ಬಿಲ್ಡಿಂಗು ಅದಕ್ಕೆ ತಿನ್ನಿಸುತ್ತದೆ. ಕೆಂಚಿ ಹೋಗಿ ಎರಡು ವರ್ಷವಾಯಿತು. ಏನು ಹಾಕಿದರೂ, ಎಷ್ಟೇ ಹಸಿದಿದ್ದರೂ, ಮೋತ್ಯಾ ಇವತ್ತಿಗೂ ಅರ್ಧ ತಿಂದು ಅರ್ಧ ಬಿಟ್ಟು ಎದ್ದು ಹೋಗುತ್ತದೆ. ಏನೂ ಕಲಿಯದ ನಾಯಿ ಅಂತ ನಾನು ಹೇಳುತ್ತಿದ್ದೆ. ಇದೊಂದನ್ನು ಯಾರು ಕಲಿಸಿದರೋ, ಗೊತ್ತಿಲ್ಲ.

ಆ ಭಾನುವಾರದ ಮರುದಿನ ರಾಯರು ಮೆಟ್ಟಿಲಲ್ಲಿ ಸಿಕ್ಕರು.

"ಹೆಣ್ಣ ಲಗು ಕಲೀತೈತ್ರಿ" ಅಂದೆ. "ಆದ್ರ ನೀವು ಎರಡೂ ತೊಗೋರಿ."

"ಎರಡಾ! ಎಲ್ಲಿಡೋದು ಮಲ್ಲಪ್ಪನೋರೇ, ಇರೋದೇ ಒಂದು ಬಾಲ್ಕನಿ."

"ಹಂಗಿದ್ರ ಯಾವದು ಕಲಿಯೂದಿಲ್ಲೋ ಅದನ್ನ ತೊಗೋರಿ."

ತಮಾಷೆ ಎಂದುಕೊಂಡು ನಗುತ್ತ ಇಳಿದು ಹೋದರು. ಗಾಡಿಗೆ ಹೊತ್ತಾಗಿತ್ತು ಅವರಿಗೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಖೋಲಿ ಒಂದು. ಹೆಂಡತಿ ಒಬ್ಬಳು. ಮಕ್ಕಳು ಇಬ್ಬರು, ಇಬ್ಬರೂ ಶಾಲೆಗೆ ಹೋಗುತ್ತಾರೆ. ನಾಯಿಯ ತಾಟು ಎರಡು, ನಾಯಿ ಒಂದು. ಅಡಿಗೆಯ ಮೂಲೆಯಲ್ಲಿ ಜೋಳದ ಚೀಲ ಒಂದು. ಚೀಲದ ಬಾಯಿಗೆ ನಮ್ಮ ಬೈಲಹೊಂಗಲದ ಪೇಟೆಯವರು ಹಾಕುವ ಹೊಲಿಗೆ. ಅದು ಎಲ್ಲಿಂದ ಬಂತೆಂದು ನಾನು ಮತ್ತೆ ಕೇಳಿಲ್ಲ.